ಗದ್ವಾಲದ ನೇಕಾರ ಹಿಡಿದ ಇಸ್ವಾಣ

ಮಳೆಗಾಲ ಮುಗಿದು ಪಡುವಣ ಕಡಲು ತಣ್ಣಗಾದ ಮೇಲೆ, ದೀಪಾವಳಿ ದಾಟಿದ ಮೊದಲ ಸೋಮವಾರ, ನಾನೂ ನನ್ನ ಗೆಳೆಯನೂ ಕಾರವಾರಕ್ಕೆ ಮೀನು ಹಿಡಿಯಲು ಹೋಗುತ್ತೇವೆ. ನಾನು ಮಕ್ತಲ್‌ನವನು, ನಾರಾಯಣಪೇಟೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಅವನು ಗದ್ವಾಲದ ನೇಕಾರ. ನಮ್ಮ ಸ್ನೇಹ ಬೆಳೆದದ್ದು ಕೃಷ್ಣೆಯ ದಂಡೆಯಲ್ಲಿ, ಗಾಳ ಹಾಕಿ ಕುಳಿತ ಭಾನುವಾರಗಳಲ್ಲಿ. ಕಡಲಿನ ಹುಚ್ಚು ಹಿಡಿದದ್ದು ನಾನು ನಿವೃತ್ತನಾದ ಮೇಲೆ.

ಕೃಷ್ಣೆಯ ದಂಡೆಯಿಂದ ನಾವು ಕಡಲಿಗೂ ಒಯ್ದ ಕಟ್ಟಳೆ ಒಂದೇ. ಮೀನು ಕಚ್ಚಿದ ಮೇಲೆ ಒಬ್ಬನ ಗಾಳಕ್ಕಾಗಲಿ ದಾರಕ್ಕಾಗಲಿ ಇನ್ನೊಬ್ಬ ಕೈ ಹಚ್ಚಬಾರದು. ಹಚ್ಚಿದರೆ ಆ ಮೀನು ಇಬ್ಬರದೂ ಅಲ್ಲ, ನೀರಿಗೆ ಬಿಡಬೇಕು.

ಎರಡು ವರ್ಷದ ಹಿಂದೆ ಅವನಿಗೆ ಲಕ್ವಾ ಹೊಡೆಯಿತು. ಕಾಲು ಸುಧಾರಿಸಿತು, ಬಲಗೈ ಸುಧಾರಿಸಲಿಲ್ಲ. ತೋಳು ಏಳುತ್ತದೆ, ಬೆರಳು ಮಡಚುವುದಿಲ್ಲ. ಮಗ್ಗ ನಿಂತಿತು. ಒಂದು ವರ್ಷ ಕಾರವಾರವೂ ತಪ್ಪಿತು. ಮರುವರ್ಷ ನಾನು ಕೇಳುವ ಮೊದಲೇ ಚೀಲ ಹಿಡಿದು ಮಕ್ತಲ್ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದ.

"ಈ ಸರ್ತಿ ಒಂದು ಮೀನರ ನಾನೇ ಎಳೀಬೇಕು. ಆಗಲಿಲ್ಲಂದ್ರ ಮುಂದ ನೀ ಒಬ್ಬನೇ ಹೋಗಾಕ ರೂಢಿ ಮಾಡ್ಕೊ" ಎಂದ.

"ಮೊದಲು ಬಸ್ ಹತ್ತು. ಹೊತ್ತಾಗೇತಿ" ಎಂದೆ.

ಕಾರವಾರದಲ್ಲಿ ನಾವು ಪ್ರತಿವರ್ಷ ಒಬ್ಬನದೇ ದೋಣಿಯಲ್ಲಿ ಹೋಗುತ್ತೇವೆ. ಆ ದೋಣಿಯವನು ಗೆಳೆಯನ ಕೈ ನೋಡಿ, ಎಡಗೈಯಲ್ಲಿ ದಾರ ಸುತ್ತುವ ಹೊಸ ರಾಟೆಯೊಂದನ್ನು ಅವನ ಗಾಳದ ಕೋಲಿಗೆ ಕಟ್ಟಿಕೊಟ್ಟ. ಬೆಳಗಿನ ಐದೂವರೆಗೆ ನಾನು ಎಂದಿನಂತೆ ತಪಾಸಣೆ ಮಾಡಿದೆ: ಕೊಕ್ಕೆ, ತಂತಿ, ತೇಲುವ ಅಂಗಿ, ಡೀಸೆಲ್ಲು. ಹೊಸ ರಾಟೆಯ ನೆತ್ತಿಯ ಮೇಲೊಂದು ತಿರುಪು ಸಡಿಲವಾಗಿತ್ತು. ಬಿಗಿ ಮಾಡಿದೆ. ಸಡಿಲ ತಿರುಪಿನ ಒಂದು ಬಸ್ಸನ್ನೂ ನಾನು ಡಿಪೋದ ಗೇಟು ದಾಟಿಸಿದವನಲ್ಲ.

ದಡ ಸಣ್ಣ ಗೆರೆಯಾಗುವಷ್ಟು ದೂರ ಹೋದ ಮೇಲೆ ದೋಣಿಯ ವೇಗ ತಗ್ಗಿಸಿ ಹಿಂದೆ ದಾರ ಬಿಟ್ಟೆವು. ಬಿಸಿಲು ಏರುವ ಹೊತ್ತಿಗೆ ಗೆಳೆಯನ ಕೋಲು ಒಮ್ಮೆಲೇ ಬಾಗಿತು. ಅವನು ಎದ್ದು ನಿಲ್ಲುವುದರೊಳಗೆ ಫಟ್ ಎಂದು ದಾರ ಹರಿಯಿತು.

ದೋಣಿಯವನು ರಾಟೆ ತಿರುಗಿಸಿ ನೋಡಿದ. "ಇದನ್ನು ಯಾರು ಬಿಗಿ ಮಾಡಿದ್ದು ಮಾರಾಯ್ರೆ? ಮೀನು ಎಳೆದಾಗ ದಾರ ಜಾರ್ಲಿ ಅಂತ ನಾನು ಸಡಿಲ ಇಟ್ಟಿದ್ದೆ."

ನನ್ನ ರಾಟೆಯಲ್ಲಿ ಆ ಬಿಗಿಯ ತಿರುಪು ಪಕ್ಕದಲ್ಲಿರುತ್ತದೆ. ಇದರಲ್ಲಿ ನೆತ್ತಿಯ ಮೇಲಿತ್ತು. ಮುಚ್ಚಳದ ತಿರುಪೆಂದು ತಿಳಿದಿದ್ದೆ.

"ನಾನೇ ಮಾಡೀನಿ" ಎಂದೆ.

ಗೆಳೆಯ ಹರಿದ ದಾರದ ತುದಿಯನ್ನು ಎಡಗೈಯಲ್ಲಿ ಹಿಡಿದು ನೋಡಿದ. ಆಮೇಲೆ, "ಬಸ್ಸಿನ ನಟ್ಟು ನಿನಗ ಬಿಟ್ಟೀನಿ. ನೂಲಿನ ಬಿಗಿ ನನಗ ಬಿಡಪಾ" ಎಂದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊಸ ದಾರ ಕಟ್ಟಿಸಿಕೊಂಡು ಬಿಗಿಯನ್ನು ಅವನೇ ಕೂಡಿಸಿದ. ಎಡಗೈಯ ಎರಡು ಬೆರಳಲ್ಲಿ ದಾರ ಹಿಡಿದು ಎಳೆಯುವುದು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಎಳೆಯುವುದು. ಮಗ್ಗದ ಮೇಲೆ ಹಾಸಿನ ಎಳೆಗಳನ್ನು ಹೀಗೆಯೇ ಮುಟ್ಟಿ ನೋಡುತ್ತಿದ್ದ. ದೋಣಿಯವನು ಪರೀಕ್ಷಿಸಿ, "ನಾನು ಇಟ್ಟದ್ದಕ್ಕಿಂತ ಇದೇ ಸಮ" ಎಂದ.

ಮಧ್ಯಾಹ್ನ ಹಿಂದಿರುಗುವ ದಾರಿಯಲ್ಲಿ ಎರಡನೆಯದು ಕಚ್ಚಿತು. ಈ ಸಲ ರಾಟೆ ಕಿರ್ರೆಂದು ಕೂಗುತ್ತ ದಾರ ಬಿಟ್ಟಿತು. ಅವನು ಕೋಲಿನ ಬುಡವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ಬಲದೋಳನ್ನು ಕೋಲಿನ ಕೆಳಗೆ ಕೊಟ್ಟು, ಮೀನು ಓಡುವಷ್ಟು ಓಡಲು ಬಿಟ್ಟು, ನಿಂತಾಗ ಎಡಗೈಯಿಂದ ಸುತ್ತಿದ. ಓಡಿತು, ಸುತ್ತಿದ. ಮತ್ತೆ ಓಡಿತು. ಅಷ್ಟರಲ್ಲಿ ಬಲದೋಳು ಸೋತು ಜಾರಿ, ಕೋಲು ದೋಣಿಯ ಅಂಚಿಗೆ ಬಡಿಯಿತು. ನನ್ನ ಎರಡೂ ಕೈ ಮುಂದೆ ಹೋದವು.

"ಮುಟ್ಟಬ್ಯಾಡ" ಎಂದ, ತಿರುಗಿ ನೋಡದೆ. "ಮುಟ್ಟಿದರ ಬಿಡಬೇಕಾಗ್ತೈತಿ."

ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ. ಅವನು ಮೊಣಕಾಲೂರಿದ. ಕೋಲನ್ನು ಅಂಚಿನ ಮೇಲೆ ಒರಗಿಸಿ, ಬಲದೋಳಿನ ಭಾರ ಪೂರ್ತಿ ಅದರ ಮೇಲೆ ಹೇರಿ, ಸುತ್ತುತ್ತಲೇ ಹೋದ. ಅಷ್ಟು ಹೊತ್ತು ಏನೂ ಮಾಡದೆ ನಿಲ್ಲುವ ಕೆಲಸವನ್ನು ನನಗೆ ಯಾರೂ ಕಲಿಸಿರಲಿಲ್ಲ. ಬೆಳ್ಳಗೆ, ಉದ್ದಕ್ಕೆ, ಇಸ್ವಾಣ ಮೀನು ನೀರಿನ ಮೇಲೆ ಕಂಡಿತು. ದೋಣಿಯವನು ಕೊಕ್ಕೆಕೋಲು ಹಿಡಿದು ಅನುಮಾನಿಸಿದಾಗ ಗೆಳೆಯ, "ನೀ ಮೀನಿಗೆ ಕೈ ಹಾಕು, ದಾರಕ್ಕ ಬ್ಯಾಡ. ಅದು ನಡೀತೈತಿ" ಎಂದು ತೀರ್ಪು ಕೊಟ್ಟ.

ನನ್ನ ತೋಳಿಗಿಂತ ಗೇಣಷ್ಟೇ ಚಿಕ್ಕದು. ಅವನು ಅದರ ಪಕ್ಕದಲ್ಲೇ ಕುಳಿತು ಏದುಸಿರು ಬಿಡುತ್ತ ಹೆಂಡತಿಗೆ ಫೋನು ಹಚ್ಚಿಸಿದ. ಮನೆಯಲ್ಲಿ ಅವರದು ತೆಲುಗು. "ನೇನೇ ಪಟ್ಟಿನ" ಎಂದ. ನಾನೇ ಹಿಡಿದೆ, ಎಂದು ಅರ್ಥ. ಆಮೇಲೆ ಮುಖ ಗಂಟಿಕ್ಕಿ ಫೋನನ್ನು ನನ್ನ ಕೈಗೆ ಕೊಟ್ಟ.

"ಅಣ್ಣಾರೆ, ಖರೇ ಹೇಳ್ರಿ" ಎಂದರು ಅವರು. "ನೀವು ಹಿಡಿದು ಕೊಟ್ಟು ಇವರ ಹೆಸರು ಹೇಳಾಕ ಹತ್ತಿಲ್ಲಲ್ಲ?"

"ನಾನು ಮಾಡಿದ್ದು ಒಂದು ಮೀನು ಕಳೆದದ್ದು ಅಷ್ಟೇ ತಂಗಿ. ಇದು ಅವನದೇ."

"ಹಂಗಾದ್ರ ಮುಂದಿನ ವರ್ಷಾನೂ ಕರಕೊಂಡು ಹೋಗ್ರಿ. ಮನ್ಯಾಗ ಕುಂತು ನನ್ನ ಅಡಗಿಗೆ ಹೆಸರಿಡಾಕ ಹತ್ಯಾರ" ಎಂದರು.

ಹೋದೆವು. ಈ ವರ್ಷ ಕಡಲು ಒರಟಾಗಿತ್ತು. ಎರಡು ದಿನವೂ ಅವನು ವಾಂತಿ ಮಾಡಿಕೊಂಡ, ಒಂದು ಮೀನೂ ಕಚ್ಚಲಿಲ್ಲ. ದಡಕ್ಕಿಳಿದು ಬಾಯಿ ತೊಳೆದುಕೊಂಡವನೇ, ಮುಂದಿನ ದೀಪಾವಳಿ ಯಾವ ವಾರ ಬರುತ್ತದೆ ಎಂದು ನನ್ನನ್ನು ಕೇಳಿದ. ಫೋನಿನಲ್ಲಿ ಪಂಚಾಂಗ ನೋಡಿ ಹೇಳಿದೆ. ಒಬ್ಬನೇ ಹೋಗುವ ರೂಢಿ ನನಗಿನ್ನೂ ಬೇಕಾಗಿಲ್ಲ.