ನಾನು ಹಾಕಿದ ಕಲಾಯಿ

ಮೊದಲು ಬಂದದ್ದು ಹೊಟ್ಟೆನೋವು. ಸಿಟ್ಟು ಆಮೇಲೆ.

ನನ್ನ ತಂಗಿ ಅಕ್ಷತಾಗೆ ಆಗ ಹದಿನಾಲ್ಕು. ಡೊಂಬಿವಿಲಿಯ ಇಂಗ್ಲಿಷ್ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಹೊಟ್ಟೆ ಹಿಡಿದು ಕೂರುತ್ತಿದ್ದಳು. ನಾಟಕ ಎಂದು ನಾನು ತೀರ್ಮಾನಿಸಿದೆ. ಊರಿನ ಕನ್ನಡ ಶಾಲೆಯಲ್ಲಿ ಒಂಬತ್ತನೆಯದಕ್ಕೇ ಓದು ಬಿಟ್ಟವನು ನಾನು. ಇಂಥ ನಾಟಕಗಳೆಲ್ಲ ನನಗೆ ಗೊತ್ತು ಎಂಬ ಜಂಬ.

ಆಮೇಲೆ ಶಾಲೆಯಿಂದ ದೂರುಗಳು ಶುರುವಾದವು. ಪಕ್ಕದವಳ ಕೂದಲು ಹಿಡಿದೆಳೆದಳು. ನೀರಿನ ಬಾಟಲಿ ಎಸೆದಳು. ನಿನ್ನೆ ಬಾಯಿಪಾಠ ಮಾಡಿದ್ದು ಇಂದು ನೆನಪಿಲ್ಲ. ಗಣಿತದ ಟೀಚರಿಗೆ ಎದುರು ಮಾತಾಡಿದಳು. ಪ್ರತಿ ಸಲವೂ ಶಾಲೆಯವರಿಗೆ ಕ್ಷಮಾಪಣೆ ಪತ್ರ ಬೇಕು. ಅಪ್ಪ ವಾಶಿಯ ಹೋಟೆಲೊಂದರಲ್ಲಿ ಕ್ಯಾಶಿಯರ್, ವಾರಕ್ಕೊಂದು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಪತ್ರ ಬರೆಸುವ ಕೆಲಸ ನನ್ನದಾಯಿತು. ಅವಳ ತಲೆಯ ಮೇಲೆ ನಿಂತು ಬರೆಸುತ್ತಿದ್ದೆ.

ಒಂದು ಸಲ ಪೆನ್ನು ಕೆಳಗಿಟ್ಟು, “ಅಣ್ಣಾ, ಮುಝೆ ಖುದ್ ನಹೀ ಪತಾ ಐಸಾ ಕ್ಯೂ ಹೋತಾ ಹೈ” ಎಂದಳು. ಯಾಕೆ ಹೀಗಾಗುತ್ತದೆ ಎಂದು ಅವಳಿಗೇ ತಿಳಿಯುವುದಿಲ್ಲವಂತೆ.

ಕೆನ್ನೆಗೆ ಹೊಡೆದೆ.

ಡಾಕ್ಟರುಗಳ ಸುತ್ತಾಟ ನೆನೆದರೆ ಈಗಲೂ ಮೈ ಉರಿಯುತ್ತದೆ. ಮೊದಲನೆಯವರು ಆಸಿಡಿಟಿ ಎಂದರು. ಎರಡನೆಯವರು ರಕ್ತ ಕಡಿಮೆ ಎಂದು ಐರನ್ ಮಾತ್ರೆ ಕೊಟ್ಟು, ಈ ವಯಸ್ಸೇ ಹಾಗೆ ಎಂದು ನಕ್ಕರು. ಕೌನ್ಸೆಲರ್ ಒಬ್ಬರು ಮೊಬೈಲ್ ಕಸಿದುಕೊಳ್ಳಿ ಎಂದರು. ಕಸಿದುಕೊಂಡೆವು. ಅವಳು ಕಪಾಟಿನ ಗಾಜು ಒಡೆದಳು. ನಿಮ್ಮ ಹುಡುಗಿ ಕೈತಪ್ಪಿದ್ದಾಳೆ ಎಂದು ಬಿಲ್ಡಿಂಗಿನ ಹೆಂಗಸರು ಅಮ್ಮನಿಗೆ ಲಿಫ್ಟಿನಲ್ಲೇ ಹೇಳತೊಡಗಿದರು. ಶಾಲೆಯವರು ಇನ್ನೊಂದು ದೂರು ಬಂದರೆ ಟಿಸಿ ಕೊಟ್ಟುಬಿಡುತ್ತೇವೆ ಎಂದರು.

ಕಲ್ಯಾಣದ ಮಕ್ಕಳ ಡಾಕ್ಟರ್ ಒಬ್ಬರು ಮಾತ್ರ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ಬಹಳ ಹೊತ್ತು ನೋಡಿದರು. ಐರನ್ ಮಾತ್ರೆ ತಿಂದರೂ ರಕ್ತ ಯಾಕೆ ಏರಿಲ್ಲ ಎಂದು ಕೇಳಿದರು. ಬ್ಲಡ್ ಲೆಡ್ ಟೆಸ್ಟ್ ಬರೆದುಕೊಟ್ಟರು.

ರಿಪೋರ್ಟ್ ಬಂತು. ರಕ್ತದಲ್ಲಿ ಸೀಸ.

ಹೊಟ್ಟೆನೋವು, ಸಿಟ್ಟು, ಮರೆವು ಎಲ್ಲಕ್ಕೂ ಇದು ಕಾರಣವಿರಬಹುದು ಎಂದರು. ಔಷಧಿಗಿಂತ ಮೊದಲು ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕಂತೆ. ಮನೆಗೆ ಬಣ್ಣ ಹೊಡೆಸಿದ್ದೀರಾ, ಬ್ಯಾಟರಿ ಕೆಲಸ ಯಾರಾದರೂ ಮಾಡುತ್ತಾರಾ ಎಂದೆಲ್ಲ ಕೇಳಿದರು. ಅಮ್ಮ ನನ್ನ ಕಡೆ ಕೈ ತೋರಿಸಿ, ಶಹಾಡ್‌ನಲ್ಲಿ ರೇಡಿಯೇಟರ್ ರಿಪೇರಿ ಮಾಡುತ್ತಾನೆ ಎಂದಳು. ಡಾಕ್ಟರ್ ನನ್ನ ಉಗುರು ನೋಡಿದರು. ಬೆಸುಗೆ ಹಾಕುವ ಸೋಲ್ಡರಿನಲ್ಲಿ ಸೀಸ ಇರುತ್ತದೆ, ಅಂಗಡಿಯಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬಾ ಎಂದರು.

“ಮನೆಗೆ ಸೋಲ್ಡರ್ ತರ್ತೀಯಾ?”

“ಇಲ್ಲ ಮೇಡಂ.”

ಸುಳ್ಳು. ಆ ಕ್ಷಣಕ್ಕೇ ನನಗೆ ಎಲ್ಲ ಹೊಳೆದಿತ್ತು.

ಅಮ್ಮ ಉಡುಪಿಯಿಂದ ತಂದ ಹಿತ್ತಾಳೆ ತಪಲೆ ಒಂದಿದೆ. ಸಾರು ಅದರಲ್ಲೇ ಆಗಬೇಕು. ಒಳಗೆ ತವರದ ಕಲಾಯಿ ಇಲ್ಲದಿದ್ದರೆ ಹುಳಿ ಸೇರಿ ಕಿಲುಬು ಏಳುತ್ತದೆ. ಕಲಾಯಿಯವನು ನಮ್ಮ ಗಲ್ಲಿಗೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಸ್ಟೀಲಿನ ಸಾರಿಗೆ ರುಚಿಯಿಲ್ಲ ಎಂದು ಅಮ್ಮ ಗೊಣಗುವುದು ಕೇಳಲಾರದೆ, ಅಕ್ಷತಾಳ ಹೊಟ್ಟೆನೋವಿಗೆ ಕೆಲವು ತಿಂಗಳು ಮುಂಚೆ ಒಂದು ಭಾನುವಾರ ನಾನೇ ಅಂಗಡಿಯಿಂದ ಸೋಲ್ಡರ್ ಕಡ್ಡಿ ತಂದೆ. ಟೆರೇಸಿನಲ್ಲಿ ತಪಲೆ ಕಾಯಿಸಿ, ನವಸಾಗರ ಉದುರಿಸಿ, ಹತ್ತಿಯಿಂದ ಒರೆಸಿದೆ. ಕನ್ನಡಿಯಂತೆ ಹೊಳೆಯಿತು. ಅಮ್ಮ ಅಕ್ಕಪಕ್ಕದವರಿಗೆಲ್ಲ ತೋರಿಸಿದಳು. “ನಮ್ಮ ಸತೀಶನಿಗೆ ಪುಸ್ತಕ ಹತ್ತಲಿಲ್ಲ, ಕೈಕೆಲಸ ನೋಡಿ” ಎಂದಳು. ಯಾರೂ ನನ್ನನ್ನು ಹಾಗೆ ಹೊಗಳಿದವರಿಲ್ಲ.

ಸೋಲ್ಡರಿನಲ್ಲಿ ತವರದ ಜೊತೆ ಸೀಸವೂ ಇದೆ ಎಂದು ಅಂಗಡಿಯಲ್ಲಿ ಕೇಳಿದ್ದೆ. ಅದು ಹುಣಸೆ ಹುಳಿಗೆ ಬಿಟ್ಟುಕೊಂಡು ಹೊಟ್ಟೆಗೆ ಹೋದೀತು ಎಂದು ತೋಚಲಿಲ್ಲ. ನಾವೆಲ್ಲ ಆ ಸಾರು ಉಂಡವರೇ. ಆದರೆ ಅಕ್ಷತಾ ಶಾಲೆಯಿಂದ ಬಂದವಳು, ಬೆಳಗಿನಿಂದ ತಪಲೆಯಲ್ಲೇ ಇದ್ದ ಸಾರನ್ನು ಲೋಟಗಟ್ಟಲೆ ಕುಡಿಯುತ್ತಿದ್ದಳು.

ಹೇಳಲಿಲ್ಲ. ತಳ ಸೋರುತ್ತಿದೆ ಎಂದು ತಪಲೆಯನ್ನು ಅಟ್ಟಕ್ಕೆ ಹಾಕಿದೆ. ದಿನಾ ಅಂಗಡಿಯಲ್ಲೇ ಸ್ನಾನ ಮಾಡಿ ಬಂದೆ. ಅಮ್ಮ ಪಾಪ, ಸೀಸದ ಧೂಳು ಹೋಗಲೆಂದು ಗೋಡೆ ನೆಲ ಒರೆಸಿ ಒರೆಸಿ ಸೊಂಟ ನೋಯಿಸಿಕೊಂಡಳು.

ಮುಂದಿನ ಭಾನುವಾರ ಊಟಕ್ಕೆ ಬಂದರೆ ತಪಲೆ ಒಲೆಯ ಮೇಲಿತ್ತು.

“ನೀರು ಹಾಕಿ ನೋಡಿದೆ ಮಾರಾಯ, ಒಂದು ಹನಿ ಸೋರುವುದಿಲ್ಲ. ನಾಲ್ಕು ದಿನದಿಂದ ಅದರಲ್ಲೇ ಮಾಡ್ತಾ ಇದ್ದೇನೆ. ನಿನಗೆ ಗೊತ್ತೇ ಆಗಲಿಲ್ಲ” ಎಂದು ಅಮ್ಮ ನಕ್ಕಳು.

ಅಕ್ಷತಾಳ ತುಟಿಯ ಹತ್ತಿರ ಲೋಟ. ನಾನು ತಟ್ಟಿ ಬೀಳಿಸಿದೆ. ಸಾರು ಅವಳ ಫ್ರಾಕಿನ ಮೇಲೆಲ್ಲ ಚೆಲ್ಲಿತು.

“ನೋಡು ಅಮ್ಮಾ, ನಾನು ಎಸೆದ್ರೆ ಮಾತ್ರ ಲೆಟರ್!” ಎಂದು ಅವಳು ಅತ್ತಳು.

ಅಲ್ಲೇ, ಒದ್ದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅಮ್ಮ ತಪಲೆ ಇಳಿಸಿದಳು. ಸಾರನ್ನು ಮೋರಿಗೆ ಚೆಲ್ಲಿದಳು.

ಮರುದಿನ ಡಾಕ್ಟರಿಗೂ ಹೇಳಿದೆ. ಕಲಾಯಿಗೆ ಅವರು ಬೈಯಲಿಲ್ಲ. ಬೈದದ್ದು ಆ ನಾಲ್ಕು ದಿನಕ್ಕೆ. ಗೊತ್ತಿದ್ದೂ ಕುಡಿಸಿದೆಯಲ್ಲ ಎಂದರು.

ತಪಲೆ ಹೋಯಿತು. ಸೀಸ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಎಲುಬಿನಲ್ಲಿ ಕೂತಿರುತ್ತದಂತೆ. ತಿಂಗಳುಗಳು ಕಳೆದಂತೆ ರಿಪೋರ್ಟಿನ ಅಂಕಿ ಇಳಿಯುತ್ತಿದೆ. ಹೊಟ್ಟೆನೋವು ಇಲ್ಲ. ಸಿಟ್ಟು ಅರ್ಧ ಇಳಿದಿದೆ. ಮರೆವು ಪೂರ್ತಿ ಸರಿಯಾಗುತ್ತದಾ ಎಂದರೆ ಡಾಕ್ಟರ್ ಮಾತು ಕೊಡುವುದಿಲ್ಲ. ನಾನು ಶಾಲೆಗೆ ಹೋಗಿ ಪ್ರಿನ್ಸಿಪಾಲರ ಎದುರು ತಪ್ಪು ನನ್ನದು ಎಂದೆ. ಹಾಗಾದರೆ ಎಲ್ಲ ತಂಟೆಯೂ ಪಾತ್ರೆಯಿಂದಲೇ ಬಂತಾ ಎಂದು ಅವರು ನಕ್ಕರು. ಡಾಕ್ಟರ್ ಕೊಟ್ಟ ಸರ್ಟಿಫಿಕೇಟ್ ಇಟ್ಟುಕೊಂಡರು. ಟಿಸಿ ಮಾತು ಸದ್ಯಕ್ಕೆ ನಿಂತಿದೆ.

ಮನೆಗೆ ಬಂದಾಗ ಅಕ್ಷತಾ ತನ್ನ ನೋಟ್‌ಬುಕ್ಕಿನಿಂದ ಹಾಳೆ ಹರಿದು ನನ್ನ ಮುಂದಿಟ್ಟಳು. ಪೆನ್ನು ಕೊಟ್ಟಳು. ನನ್ನ ತಲೆಯ ಮೇಲೆ ನಿಂತಳು.

“ಈಗ ನೀನು ಬರಿ.”

ನನಗೆ ನೆಟ್ಟಗೆ ಬರೆಯಲು ಬರುವುದು ಕನ್ನಡ ಒಂದೇ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮೂರು ಭಾನುವಾರ ಕೂತು ಇಷ್ಟು ಬರೆದೆ. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಕೆನ್ನೆಗೆ ಹೊಡೆದದ್ದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು:

“ಠೀಕ್ ಹೈ. ಒಂದು ಚೇಂಜ್ ಮಾಡು. ಮ್ಯಾಥ್ಸ್ ಟೀಚರಿಗೆ ಎದುರು ಮಾತಾಡಿದ್ದು ಸೀಸ ಅಲ್ಲ. ಅದು ನಾನೇ.”