ಅಣ್ಣನ ಮೇಲಿನ ಹಟಕ್ಕೆ ಕಟ್ಟಿದ ಪರೀಕ್ಷೆ

ಸರೋಜಮ್ಮ ನಲವತ್ನಾಲ್ಕನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದ್ದು ವಿದ್ಯೆಯ ಮೇಲಿನ ಪ್ರೀತಿಗಲ್ಲ, ಅಣ್ಣ ಮಹದೇವುವಿನ ಮೇಲಿನ ಸಿಟ್ಟಿಗೆ. ಓದಿಗೆ ವಯಸ್ಸಿಲ್ಲ ಎಂದು ಹೇಳುವವರು ಹೇಳಿಕೊಳ್ಳಲಿ. ಇವಳಿಗೆ ಬೇಕಾಗಿದ್ದು ಸೇಡು.

ಹುಡುಗಿಯಾಗಿದ್ದಾಗ ಅವಳು ಇಂಗ್ಲಿಷ್ ಒಂದರಲ್ಲಿ ಫೇಲಾಗಿದ್ದಳು. ಮತ್ತೆ ಕಟ್ಟಿ ಹಗಲೂ ರಾತ್ರಿ ಓದಿದಳು. ಪರೀಕ್ಷೆಯ ದಿನವೇ ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಮಹದೇವು ಅವಳನ್ನು ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ. ಬಾಗಿಲು ತೆಗೆಯುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಅದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಆ ಪುಣ್ಯಾತ್ಮ ನೆಂಟರಿಷ್ಟರಿಗೆಲ್ಲ, "ನಮ್ ಸರೋಜ ಎರಡನೇ ಸಲಾನೂ ಡುಮ್ಕಿ ಹೊಡೆದ್ಲು" ಎಂದು ಹೇಳಿಕೊಂಡು ತಿರುಗಿದ. ಮದುವೆ, ನಾಮಕರಣ, ತಿಥಿ, ಎಲ್ಲಿ ಸೇರಿದರೂ ಅದೇ ಮಾತು, ಅದೇ ನಗು. ಕೂರದ ಪರೀಕ್ಷೆಯಲ್ಲಿ ಫೇಲಾದ ಹೆಣ್ಣು ಇಡೀ ಮೈಸೂರಿನಲ್ಲಿ ಇವಳೊಬ್ಬಳೇ ಇರಬೇಕು.

ಕೃಷ್ಣಮೂರ್ತಿಪುರಂನ ಹೋಳಿಗೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಅಲ್ಲಿನ ಗಿರಾಕಿ, ನಿವೃತ್ತ ಇಂಗ್ಲಿಷ್ ಮೇಡಂ ಗಿರಿಜಾಂಬಾ, ಪಾಠ ಹೇಳಿಕೊಡಲು ಒಪ್ಪಿದರು. ಸರೋಜಮ್ಮ ಗೈಡು ತಂದಳು. ಕಣಕ ನಾದುತ್ತ, ಹೋಳಿಗೆ ತಟ್ಟುತ್ತ, ಪ್ಲಾಸ್ಟಿಕ್ಕಿನ ಹಾವಳಿ ಎಂಬ ಪ್ರಬಂಧವನ್ನು ಉರು ಹೊಡೆದಳು. ಮೇಡಂ ಗ್ರಂಥಾಲಯದ ಬಗ್ಗೆ ಬರೆ ಎಂದರೆ, ಪ್ಲಾಸ್ಟಿಕ್ ಇದ್ದ ಕಡೆಯೆಲ್ಲ ಲೈಬ್ರರಿ ಎಂದು ಹಾಕಿ ಅದನ್ನೇ ಬರೆದುಕೊಟ್ಟಳು. ಲೈಬ್ರರಿಯನ್ನು ರಸ್ತೆಗೆ ಎಸೆಯಬಾರದು, ಅದು ಹಸುಗಳ ಹೊಟ್ಟೆ ಸೇರಿ ಅವು ಸಾಯುತ್ತವೆ ಎಂದಾಯಿತು.

ಗಿರಿಜಾಂಬಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಈ ಉರು ಹೊಡೆಯೋದು ಬಿಟ್ಬಿಡು ಕಣಮ್ಮ. ನಿನಗೆ ಚೆನ್ನಾಗಿ ಗೊತ್ತಿರೋ ಒಬ್ಬರ ಬಗ್ಗೆ ಬರಿ. ಸಣ್ಣ ಸಣ್ಣ ವಾಕ್ಯ ಸಾಕು."

ಚೆನ್ನಾಗಿ ಗೊತ್ತಿದ್ದವನು ಒಬ್ಬನೇ. ನನ್ನ ಅಣ್ಣನಿಗೆ ಕಬ್ಬಿಣದ ಅಂಗಡಿ ಇದೆ. ನನ್ನ ಅಣ್ಣ ಸುಳ್ಳು ಹೇಳುತ್ತಾನೆ. ಅವನ ಸುಳ್ಳನ್ನು ಎಲ್ಲರೂ ನಂಬುತ್ತಾರೆ. ಹೀಗೆ ದಿನಕ್ಕಿಷ್ಟು, ಇಂಗ್ಲಿಷಿನಲ್ಲಿ. ಬರಿ ಸುಳ್ಳ ಎಂದರೆ ಸಾಲದು ಅನ್ನಿಸಿದಾಗ ಡಿಕ್ಷನರಿ ತಡಕಿ ಇನ್ನೂ ಖಾರವಾದ ಪದ ತಂದಳು. ಗೈಡು ಕಲಿಸದ್ದನ್ನು ಹೊಟ್ಟೆಯುರಿ ಕಲಿಸಿತು. "ಸಿಟ್ಟು ಸರಿಯಾಗಿದೆ, ಸ್ಪೆಲ್ಲಿಂಗ್ ನೋಡ್ಕೋ" ಎಂದು ಗಿರಿಜಾಂಬಾ ತಿದ್ದಿದರು. ಮಾರ್ಚ್ ಹೊತ್ತಿಗೆ ಅವಳು ಕಂಡರಿಯದ ಪ್ಯಾರಾವನ್ನೂ ಓದಿ, ಅರ್ಥ ಮಾಡಿಕೊಂಡು, ಕೆಳಗಿನ ಪ್ರಶ್ನೆಗಳಿಗೆ ತನ್ನದೇ ಮಾತಿನಲ್ಲಿ ಉತ್ತರಿಸುತ್ತಿದ್ದಳು.

ಪಾಸಾದಳು. ಇಂಗ್ಲಿಷಿನಲ್ಲಿ ಐವತ್ತೆಂಟು. ಅಂಕಪಟ್ಟಿಯನ್ನು ಅಣ್ಣನ ಮುಖಕ್ಕೆ ಹಿಡಿಯಬೇಕೆಂದು ಹೊರಡುವಷ್ಟರಲ್ಲಿ ಅವನದೇ ಫೋನು ಬಂತು: ಭಾನುವಾರ ವಿಜಯನಗರದ ಮನೆಗೆ ಬಾ, ನಿನಗೆ ಸನ್ಮಾನ.

ಹಾಲ್ ತುಂಬ ನೆಂಟರು. ಮಹದೇವು ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದ, ಹಾರ ಹಾಕಿದ, ಮೈಸೂರು ಪೇಟ ತೊಡಿಸಿದ. ಈ ವರ್ಷ ಹತ್ತನೇ ಕ್ಲಾಸಿಗೆ ಹೋಗುವ ಅವನ ಮಗಳು ಸಿಂಚನ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. "ಎರಡು ಸಲ ಡುಮ್ಕಿ ಹೊಡುದ್ರೂ ನಮ್ ಸರೋಜ ಛಲ ಬುಡ್ನಿಲ್ಲ," ಎಂದು ಅವನು ಗಂಟಲೆತ್ತಿದ. "ನಾನೇ ಬೆನ್ನು ತಟ್ಟಿ ಓದುಸ್ದೆ ಕಣ್ರೀ!" ಎಲ್ಲರೂ ಚಪ್ಪಾಳೆ ತಟ್ಟಿದರು.

ಸರೋಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉಂಡೂ ಹೋದ, ಕೊಂಡೂ ಹೋದ ಎಂದರೆ ಇದೇ. ಅವಳು ಗಳಿಸಿದ ಒಂದೇ ಒಂದು ಗೆಲುವನ್ನೂ ಈ ಮನುಷ್ಯ ತನ್ನದು ಮಾಡಿಕೊಂಡುಬಿಟ್ಟಿದ್ದ. ಅವಳು ಪೇಟ ತೆಗೆದು ಹಣ್ಣಿನ ತಟ್ಟೆಯ ಮೇಲಿಟ್ಟಳು.

"ಅಣ್ಣ, ನಾನು ಫೇಲಾಗಿದ್ದು ಒಂದೇ ಸಲ. ಎರಡನೇ ಸಲ ಪರೀಕ್ಷೆಗೇ ಓಗ್ನಿಲ್ಲ. ಓಗ್ದಂಗೆ ರೂಮಿಗೆ ಚಿಲಕ ಆಕ್ದೋನು ನೀನು."

"ಅಳೇದೆಲ್ಲ ಈಗ್ಯಾಕವ್ವ, ಬುಡು," ಎಂದು ಮಹದೇವು ನಗಲು ನೋಡಿದ.

ಸಿಂಚನ ಫೋನು ಕೆಳಗಿಳಿಸಿದಳು. "ಅಪ್ಪ, ನಿಜಾನಾ? ಅತ್ತೆನ ಕೂಡಾಕಿದ್ಯಾ?"

ಮಗಳು ತನ್ನನ್ನು ಹಾಗೆ ನೋಡಿದ್ದನ್ನು ಮಹದೇವು ಎಂದೂ ಕಂಡವನಲ್ಲ. ಬೆವರು ಒರೆಸಿಕೊಂಡು ತಂಗಿಯ ಕಿವಿಯ ಹತ್ತಿರ ಬಗ್ಗಿದ. "ಸರೋಜ, ತಮಾಷೆಗೆ ಅಂದೆ ಅಂತ ಏಳ್ಬುಡವ್ವ. ಮಗು ತಪ್ಪು ತಿಳ್ಕತದೆ."

ಸರೋಜಮ್ಮ ಕುರ್ಚಿಯಲ್ಲಿ ಹಿಂದಕ್ಕೊರಗಿ ಸರಿಯಾಗಿ ಕೂತಳು.

"ನಿನ್ ಮಗ್ಳು ಕೇಳ್ತಾವ್ಳಲ್ಲ," ಎಂದಳು. "ನೀನೇ ಏಳಣ್ಣ ಅವ್ಳಿಗೆ."