ಸ್ಟೆಪ್ನಿಯ ಪಕ್ಕದ ಪೊಟ್ಟಣ

ಯಲಹಂಕದ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೊಂದು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದ ನಂದಕುಮಾರನನ್ನು ಜನ ಪಾಠಕ್ಕಿಂತ ಹೆಚ್ಚಾಗಿ ಅವನ ಪ್ರಾತ್ಯಕ್ಷಿಕೆಗಳಿಂದ ಬಲ್ಲರು. ಶನಿವಾರಗಳಂದು ಸುತ್ತಲಿನ ಶಾಲೆಗಳಿಗೆ ಹೋಗಿ ಅವನು ಅಂಗೈಯ ಮೇಲೆ ಕರ್ಪೂರ ಉರಿಸುತ್ತಿದ್ದ. ನಿಂಬೆಹಣ್ಣು ಕೊಯ್ದು ‘ರಕ್ತ’ ಸುರಿಸಿ, ಚಾಕುವಿಗೆ ಮೊದಲೇ ಹಚ್ಚಿದ್ದ ರಾಸಾಯನಿಕದ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ. ಪ್ರತಿ ಸಲವೂ ಮಾತು ಮುಗಿಯುತ್ತಿದ್ದುದು ಒಂದೇ ವಾಕ್ಯದಿಂದ: ಹೆದರುವ ಮೊದಲು ಅಳೆದು ನೋಡಿ.

ಇಂಥ ಮನುಷ್ಯನಿಗೆ ಅಳತೆ ಮೀರಿದ ಆಸೆಯೊಂದಿತ್ತು. ಜರ್ಮನಿಯ ದೊಡ್ಡ ಕಾರು. ನಲವತ್ತಾರನೆಯ ವಯಸ್ಸಿನಲ್ಲಿ ಅದು ಅಲ್ಲಾಳಸಂದ್ರ ಕೆರೆಯ ಹತ್ತಿರದ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ, ಬೂದು ಧೂಳು ಹೊದ್ದು ನಿಂತಿದ್ದಾಗ ಸಿಕ್ಕಿತು. ಯಜಮಾನರಾಗಿದ್ದ ವೈದ್ಯರು ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಕಾರು ಕದಲಿರಲಿಲ್ಲ. ಹೊಸ ಸಣ್ಣ ಕಾರೊಂದರ ಬೆಲೆಗೆ ಅದನ್ನು ಮಾರಲು ಅವರ ಮಗಳು ವನಿತಾ ಒಪ್ಪಿದ್ದಳು.

ಪರೀಕ್ಷಿಸಲು ಅಟ್ಟೂರು ರಸ್ತೆಯ ಮೆಕ್ಯಾನಿಕ್ ಜಾಫರ್‌ನನ್ನು ಕರೆದುಕೊಂಡು ಹೋಗಿದ್ದ. ಮೂವತ್ತು ವರ್ಷ ಕೈಗೆ ಗ್ರೀಸ್ ಹಚ್ಚಿಕೊಂಡಿದ್ದ ಜಾಫರ್, ನಂದಕುಮಾರನ ಕೈಯಿಂದ ಕೀಲಿಯನ್ನು ಮೆಲ್ಲಗೆ ಕಿತ್ತುಕೊಂಡ.

“ಸ್ಟಾರ್ಟ್ ಮಾಡ್ಬೇಡಿ ಮೇಷ್ಟ್ರೇ. ನಾಕ್ ವರ್ಷ ಮಲಗಿದ್ದೋರನ್ನ ಎಬ್ಬಿಸಿ, ಓಡು ಅಂದ್ರೆ ಆಗುತ್ತಾ?”

ಗ್ಯಾರೇಜಿಗೆ ಎಳೆಸಿಕೊಂಡು ಹೋದ ಮೇಲೆ ಅವನು ಟ್ಯಾಂಕಿನಲ್ಲಿ ಹಳಸಿದ್ದ ಪೆಟ್ರೋಲನ್ನು ಇಳಿಸಿದ, ಆಯಿಲ್ ಬದಲಿಸಿದ, ಎಂಜಿನ್ನನ್ನು ಮೊದಲು ಕೈಯಿಂದಲೇ ತಿರುಗಿಸಿ ನೋಡಿದ. ನಂದಕುಮಾರ ಪಕ್ಕದಲ್ಲಿ ನಿಂತು ಎಲ್ಲವನ್ನೂ ಸಂಖ್ಯೆ ಹಾಕಿ ನೋಟ್‌ಪುಸ್ತಕದಲ್ಲಿ ಬರೆದುಕೊಂಡ.

“ಬರ್ಕೊಳ್ಳಿ, ಬರ್ಕೊಳ್ಳಿ. ಪರೀಕ್ಷೆಗೆ ಬರುತ್ತೆ,” ಎಂದು ಜಾಫರ್ ನಕ್ಕ.

ಆ ಕಾರಿನ ಬ್ಯಾಟರಿ ಮುಂದೆ ಎಂಜಿನ್ನಿನ ಬಳಿ ಇರಲಿಲ್ಲ. ಹಿಂದಿನ ಡಿಕ್ಕಿಯ ಹಾಸಿನ ಕೆಳಗೆ, ಸ್ಟೆಪ್ನಿ ಚಕ್ರದ ಪಕ್ಕದಲ್ಲಿತ್ತು. ಕಾರಿನ ಅರ್ಧದಷ್ಟು ವೈರುಗಳು ಅಲ್ಲಿಂದಲೇ ಹೊರಡುತ್ತಿದ್ದವು. ಹೊಸ ಬ್ಯಾಟರಿ ಕೂರಿಸುತ್ತ ಜಾಫರ್ ತಳದ ರಬ್ಬರ್ ಮುಚ್ಚಳವೊಂದನ್ನು ತೋರಿಸಿದ. ನಿಂತು ನಿಂತು ಅದು ಒಣಗಿ ಸೀಳಿಹೋಗಿತ್ತು.

“ಇದು ಆರ್ಡರ್ ಹಾಕಿದೀನಿ, ಬರೋಕೆ ಒಂದು ತಿಂಗಳಾಗುತ್ತೆ. ಅಲ್ಲೀವರೆಗೂ ಡಿಕ್ಕೀಲಿ ತಿನ್ನೋ ಸಾಮಾನು ಏನೂ ಇಡ್ಬೇಡಿ. ಈ ತೂತಲ್ಲಿ ಇಲಿ ನುಗ್ಗುತ್ತೆ.”

ಅದನ್ನೂ ಬರೆದುಕೊಂಡ. ಹದಿನೇಳನೆಯ ಅಂಶ.

ಕಾರು ಮನೆಗೆ ಬಂದ ದಿನ ತಾಯಿ ಅಂಜನಮ್ಮ ಬಾಗಿಲಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ಕಾದಿದ್ದಳು. “ಸತ್ತೋರ ಗಾಡಿ ಕಣೋ. ಚಕ್ರದ ಕೆಳಗೆ ಇಟ್ಟು ಒಂದ್ಸಲ ಅತ್ತಿಸ್ಬಿಡು, ನನ್ ಸಮಾಧಾನಕ್ಕೆ.”

ನಂದಕುಮಾರ ಹತ್ತು ನಿಮಿಷ ಮಾತಾಡಿದ. ಒಂದೂವರೆ ಟನ್ ಲೋಹಕ್ಕೂ ಒಂದು ಹಣ್ಣಿಗೂ ಇರುವ ಸಂಬಂಧವೇನು ಎಂದು ಕೇಳಿದ; ಎದುರುಮನೆಯ ಫಕೀರಪ್ಪ ಗೇಟಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದುದರಿಂದ ಸ್ವಲ್ಪ ಜೋರಾಗಿಯೇ ಕೇಳಿದ. ಅಂಜನಮ್ಮ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಮರುದಿನ ಅವು ಉಪ್ಪಿನಕಾಯಿಯಾದವು.

ಅದೇ ವಾರ ಹೆಬ್ಬಾಳದ ಮೇಲ್ಸೇತುವೆಯ ನಡುಮಧ್ಯದಲ್ಲಿ ಕಾರು ನಿಂತುಹೋಯಿತು. ಹಿಂದೆ ವಿಮಾನ ನಿಲ್ದಾಣದ ಬಸ್ಸಿನ ಹಾರ್ನು, ಪಕ್ಕದಲ್ಲಿ ಬೈಯುತ್ತ ದಾಟುವ ಬೈಕುಗಳು. ಎರಡು ನಿಮಿಷದ ಮೇಲೆ ಅದು ತಾನಾಗಿಯೇ ಹೊರಟಿತಾದರೂ ನಂದಕುಮಾರ ಮನೆಗೆ ಹೋಗದೆ ನೇರ ಗ್ಯಾರೇಜಿಗೆ ಓಡಿಸಿದ. ಜಾಫರ್ ಸೆನ್ಸರ್ ಒಂದನ್ನು ಬದಲಿಸಿ, ಇನ್ನು ನಿಲ್ಲುವುದಿಲ್ಲವೆಂದ. ನಂದಕುಮಾರ ತನ್ನದೇ ಮೀಟರಿನಿಂದ ಬ್ಯಾಟರಿಯನ್ನು ಅಳೆದು ನೋಡಿದ. ಎಲ್ಲವೂ ಸರಿಯಾಗಿತ್ತು. ಹೆದರಿಕೆ ಮಾತ್ರ ಹೋಗಲಿಲ್ಲ.

ಗುರುವಾರ ಬೆಳಗ್ಗೆ, ಹಾಲು ತರುವ ನೆಪದಲ್ಲಿ, ಅವನು ಕಾರನ್ನು ಅಟ್ಟೂರಿನಾಚೆಯ ಸಣ್ಣ ಮುನೇಶ್ವರನ ಗುಡಿಯ ಮುಂದೆ ನಿಲ್ಲಿಸಿದ.

“ಹೆಸರು?” ಪೂಜಾರಿ ಚೀಟಿ ಬರೆಯಲು ಕೂತ.

“ನಂದಕುಮಾರ್.”

“ನಕ್ಷತ್ರ?”

“ಅನುರಾಧಾ.” ಗೊತ್ತಿಲ್ಲವೆನ್ನಬಹುದಿತ್ತು. ನಾಲಿಗೆ ಕಾಯಲಿಲ್ಲ.

ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳು ಅಪ್ಪಚ್ಚಿಯಾದಾಗ ಎದೆಯಲ್ಲೇನೋ ಸಡಿಲವಾದದ್ದು ನಿಜ. ಆ ನೆಮ್ಮದಿಯೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಮುಜುಗರ ತಂದಿತು. ಪೂಜಾರಿ ಒಡೆದ ತೆಂಗಿನಕಾಯಿಯ ಹೋಳು, ಬಾಳೆಹಣ್ಣು, ಒಂದು ಹಿಡಿ ಪುರಿಯನ್ನು ಚೀಟಿಯ ಸಮೇತ ಚೀಲದಲ್ಲಿ ಹಾಕಿ ಕೊಟ್ಟ. ಮನೆಗೆ ಒಯ್ಯುವಂತಿರಲಿಲ್ಲ. ಚರಂಡಿಗೆ ಎಸೆಯಲು ಕೈ ಬರಲಿಲ್ಲ. ಅಷ್ಟರಲ್ಲಿ ದೂರದಿಂದ ಶಿಷ್ಯನೊಬ್ಬನ ತಂದೆ ಬರುತ್ತಿದ್ದುದು ಕಂಡಿತು. ಡಿಕ್ಕಿಯ ಹಾಸನ್ನೆತ್ತಿ ಪೊಟ್ಟಣವನ್ನು ಸ್ಟೆಪ್ನಿಯ ಪಕ್ಕದಲ್ಲಿ ತುರುಕಿದ. ಸಂಜೆ ತೆಗೆದರಾಯಿತೆಂದುಕೊಂಡ. ಸಂಜೆ ಹೆಂಡತಿ ಕಲಾವತಿ ಮನೆಯಲ್ಲಿದ್ದಳು. ಆಮೇಲೆ ಮೌಲ್ಯಮಾಪನದ ಕೆಲಸ ಬಂತು; ಅದಕ್ಕೆ ಬಸ್ಸಿನಲ್ಲೇ ಹೋಗಿಬಂದ. ನೆನಪಿಡಲು ಇಷ್ಟವಿಲ್ಲದ್ದನ್ನು ಮರೆಯುವುದು ಅವನಿಗೆ ಕಷ್ಟವಾಗಲಿಲ್ಲ.

ಹನ್ನೆರಡು ದಿನ ನಿಂತಿದ್ದ ಕಾರು ಹದಿಮೂರನೆಯ ದಿನ ಹೊರಡಲಿಲ್ಲ. ಕೀಲಿ ತಿರುಗಿಸಿದರೆ ಮುಂದಿನ ಫಲಕದ ದೀಪಗಳೆಲ್ಲ ಮಿಣುಕಿ ಆರಿಹೋಗುತ್ತಿದ್ದವು. ಕಾಲೇಜಿಗೆ ಹೊತ್ತಾಗಿತ್ತು. ಆಟೋದಲ್ಲಿ ಕೂತು, ಬಡಾವಣೆಯ ಮುನ್ನೂರು ಮನೆಗಳಿದ್ದ ವಾಟ್ಸಾಪ್ ಗುಂಪಿಗೆ ನಂದಕುಮಾರ ಬರೆದ: ‘ಅಟ್ಟೂರು ರಸ್ತೆಯ ಜಾಫರ್ ಗ್ಯಾರೇಜಿಗೆ ಗಾಡಿ ಕೊಡುವವರು ಯೋಚಿಸಿ ಕೊಡಿ. ಬ್ಯಾಟರಿ ಹಾಕುವಾಗ ನನ್ನ ಕಾರಿನ ವೈರಿಂಗ್ ಕೆಡಿಸಿದ್ದಾರೆ. ಅಳೆದು ನೋಡಿಯೇ ಹೇಳುತ್ತಿದ್ದೇನೆ.’

ಆ ದಿನ ಅವನು ಏನನ್ನೂ ಅಳೆದಿರಲಿಲ್ಲ. ಆದರೆ ಬರೆದವನು ನಂದಕುಮಾರನಾದ್ದರಿಂದ ಯಾರೂ ಪ್ರಶ್ನಿಸಲಿಲ್ಲ. ‘ಥ್ಯಾಂಕ್ಸ್ ಸರ್, ನಾಳೆ ಅಲ್ಲೇ ಸರ್ವಿಸ್‌ಗೆ ಬಿಡೋದಿತ್ತು, ಬೇಡ ಅಂದೆ,’ ಎಂದು ಫಕೀರಪ್ಪನೇ ಮೊದಲು ಉತ್ತರಿಸಿದ. ಅವನ ಹಿಂದೆ ಇನ್ನೂ ನಾಲ್ವರು.

ಕಾರನ್ನು ಮತ್ತೆ ಗ್ಯಾರೇಜಿಗೆ ಎಳೆಸಿದಾಗಲೂ ಕೆಲಸಗಾರರ ಎದುರಿಗೇ ಗದರಿದ. ಜಾಫರ್ ವಾದಿಸಲಿಲ್ಲ. “ನೋಡ್ತೀನಿ ಬಿಡಿ ಮೇಷ್ಟ್ರೇ. ನನ್ ಕೈ ತಪ್ಪಾಗಿದ್ರೆ ನಾನೇ ಸರಿ ಮಾಡ್ಕೊಡ್ತೀನಿ,” ಎಂದಷ್ಟೇ ಹೇಳಿದ.

ಮೂರನೆಯ ದಿನ ಫೋನ್ ಬಂತು. ನಂದಕುಮಾರ ಕಲಾವತಿಯೊಂದಿಗೆ ಹೋದ. ಡಿಕ್ಕಿ ತೆರೆದಿತ್ತು; ಸಿಪ್ಪೆ ಕಳೆದುಕೊಂಡು ತಾಮ್ರ ಕಾಣುತ್ತಿದ್ದ ವೈರುಗಳ ಕಟ್ಟನ್ನು ಜಾಫರ್ ಬೆರಳಿನಿಂದ ಎತ್ತಿ ತೋರಿಸಿದ.

“ಇಲಿ ಕಡಿದಿದೆ. ಗೂಡು ಕಟ್ಟೋಕೆ ಶುರು ಮಾಡಿತ್ತು.” ಆಮೇಲೆ ಮೇಜಿನಿಂದ ಶುಭ್ರವಾದ ಕಾಗದದಲ್ಲಿ ಸುತ್ತಿದ ಪೊಟ್ಟಣವನ್ನು ತಂದು ಎರಡೂ ಕೈಗಳಿಂದ ಕೊಟ್ಟ. “ಸ್ಟೆಪ್ನಿ ಪಕ್ಕ ಇತ್ತು, ಇಲಿ ತಿಂದು ಉಳಿದಿದ್ದು. ಪ್ರಸಾದ ಅನ್ಸುತ್ತೆ. ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ.” ನಂದಕುಮಾರನ ಮುಖ ನೋಡದೆ ಸೇರಿಸಿದ: “ಮನೇಲಿ ದೊಡ್ಡೋರು ಯಾರೋ ಇಟ್ಟಿರ್ಬೇಕು.”

ಕಲಾವತಿ ಗಂಡನತ್ತ ತಿರುಗಿದಳು.

“ಹೂಂ,” ಎಂದ ನಂದಕುಮಾರ. “ಅಮ್ಮ ಇಟ್ಟಿರ್ಬೇಕು.”

ಮನೆಗೆ ಬಂದ ಕೂಡಲೇ ಕಲಾವತಿ ಕೇಳಿಯೇಬಿಟ್ಟಳು. “ಏನತ್ತೆ, ಪೂಜೆ ಮಾಡಿಸೋದು ಮಾಡಿಸಿದ್ರಿ, ಡಿಕ್ಕೀಲಿ ಬಚ್ಚಿಡೋದಾ? ಇಲಿ ಬಂದು ಅರ್ಧ ಕಾರು ತಿಂದಿದೆ.”

ಅವರೆಕಾಯಿ ಬಿಡಿಸುತ್ತಿದ್ದ ಅಂಜನಮ್ಮ ಪೊಟ್ಟಣವನ್ನು ನೋಡಿದಳು. ಆಮೇಲೆ ಮಗನನ್ನು. ಆ ನೋಟ ಕಲಾವತಿಗೆ ಅರ್ಥವಾಗಲಿಲ್ಲ.

“ಊಂ ಕಣಮ್ಮ. ಇಟ್ಟು ಮರ್ತುಬಿಟ್ಟೆ. ವಯಸ್ಸಾಯ್ತಲ್ಲ.” ಮತ್ತೆ ಕಾಯಿಯ ಮೇಲೆ ಕಣ್ಣು ನೆಟ್ಟಳು. “ಇನ್ಮೇಲೆ ಇಡಲ್ಲ ಬಿಡು.”

ನಂದಕುಮಾರ ಕೋಣೆಗೆ ಹೋಗಿ ನೋಟ್‌ಪುಸ್ತಕ ತೆರೆದ. ಹದಿನೇಳನೆಯ ಅಂಶ ಅವನದೇ ದುಂಡು ಅಕ್ಷರದಲ್ಲಿತ್ತು; ಕೆಳಗೆ ಎರಡು ಗೆರೆಗಳನ್ನೂ ಎಳೆದಿದ್ದ. ದೇವರ ಮುಂದೆ ನಿಂತದ್ದು ಅವನನ್ನು ಈಗ ಅಷ್ಟಾಗಿ ಚುಚ್ಚುತ್ತಿರಲಿಲ್ಲ. ಹೆದರಿದ ಮನುಷ್ಯ ಎಲ್ಲಿಯಾದರೂ ನಿಲ್ಲುತ್ತಾನೆ. ಹೆದರಿದ್ದನ್ನು ಮುಚ್ಚಿಡಲು ಮೊದಲು ಒಬ್ಬನ ಕೆಲಸವನ್ನು, ಆಮೇಲೆ ತಾಯಿಯ ನಂಬಿಕೆಯನ್ನು ಬಳಸಿಕೊಂಡಿದ್ದ.

ವಾಟ್ಸಾಪ್ ಗುಂಪಿಗೆಂದು ಫೋನಿನಲ್ಲಿ ಬರೆದ: ‘ಕಾರಿನ ವೈರುಗಳು ಇಲಿಯಿಂದ ಹಾಳಾಗಿದ್ದವೆಂದು ತಿಳಿದುಬಂದಿದೆ. ಜಾಫರ್ ಅವರ ತಪ್ಪಿಲ್ಲ.’ ಓದಿ ನೋಡಿದ. ಒಂದು ಅಕ್ಷರವೂ ಸುಳ್ಳಲ್ಲ. ಆದರೂ ವಿದ್ಯಾರ್ಥಿಯೊಬ್ಬ ಇಂಥ ವರದಿ ಕೊಟ್ಟಿದ್ದರೆ ಮುಖದ ಮೇಲೆಸೆಯುತ್ತಿದ್ದ. ಅಳಿಸಿದ. ‘ಅಟ್ಟೂರಿನ ಗುಡಿಯಲ್ಲಿ ಕಾರಿಗೆ ಪೂಜೆ ಮಾಡಿಸಿ, ಪ್ರಸಾದವನ್ನು ಡಿಕ್ಕಿಯಲ್ಲಿ ಬಚ್ಚಿಟ್ಟವನು ನಾನು. ಇಡಬೇಡಿ ಎಂದು ಜಾಫರ್ ಮೊದಲೇ ಹೇಳಿದ್ದರು. ಅಂದು ನಾನು ಏನನ್ನೂ ಅಳೆದು ನೋಡಿರಲಿಲ್ಲ.’ ಕಳುಹಿಸಿ, ಫೋನನ್ನು ಕಲಾವತಿಯ ಕೈಯಲ್ಲಿಟ್ಟು, ಅವಳು ಓದಿ ಮುಗಿಸುವುದನ್ನು ನಿಂತು ಕಾದ. ಅವಳು ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತು ಅವರೆಕಾಯಿಗೆ ಕೈ ಹಾಕಿದಳು.

ಜಾಫರ್ ಆ ಗುಂಪಿನಲ್ಲಿರಲಿಲ್ಲ. ಆದ್ದರಿಂದ ನಂದಕುಮಾರ ಮರುದಿನ ಅಟ್ಟೂರು ರಸ್ತೆಯವರೆಗೂ ನಡೆದೇ ಹೋಗಿ, ಅದೇ ಕೆಲಸಗಾರರ ಎದುರಿಗೆ, ತಾನು ಕಂಠಪಾಠ ಮಾಡಿಕೊಂಡಿದ್ದ ಮಾತುಗಳನ್ನು ತಡವರಿಸುತ್ತ ಹೇಳಿದ.

ಜಾಫರ್ ಕೈ ಒರೆಸಿಕೊಂಡು, ಡ್ರಾಯರಿನಿಂದ ನಾಲ್ಕು ಮಡಿಕೆಯ ಸಣ್ಣ ಚೀಟಿಯೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟ. ಮೂಲೆಯನ್ನು ಇಲಿ ಕಡಿದಿತ್ತು. ಹೆಸರು, ಅನುರಾಧಾ ನಕ್ಷತ್ರ, ಕಾರಿನ ನಂಬರು ಉಳಿದಿದ್ದವು.

“ಮೇಡಂ ಮುಂದೆ ಕೊಡೋದು ಬೇಡ ಅಂತ ತೆಗೆದಿಟ್ಟಿದ್ದೆ,” ಎಂದ.

“ಅಂದ್ರೆ, ಅಮ್ಮ ಇಟ್ಟಿರ್ಬೇಕು ಅಂತ ನಾನು ಅಂದಾಗ...”

“ಗೊತ್ತಿತ್ತು ಮೇಷ್ಟ್ರೇ.” ಜಾಫರ್ ಮತ್ತೆ ಕಾರಿನ ಕಡೆ ತಿರುಗಿದ. “ಕೂತ್ಕೊಳ್ಳಿ. ಟೀ ಹೇಳ್ತೀನಿ. ರಬ್ಬರ್ ಮುಚ್ಚಳ ಇವತ್ತು ಬಂದಿದೆ.”

ನಂದಕುಮಾರ ಕೂರಲಿಲ್ಲ. ಚೀಟಿಯನ್ನು ಜೇಬಿಗೆ ಹಾಕಿದರೆ ಮತ್ತೆ ಬಚ್ಚಿಟ್ಟಂತಾಗುತ್ತದೇನೋ ಎನ್ನಿಸಿ, ಅದನ್ನು ಕೈಯಲ್ಲೇ ಹಿಡಿದುಕೊಂಡು, ಮುಚ್ಚಳ ಕೂರುವ ತನಕ ಡಿಕ್ಕಿಯ ಪಕ್ಕದಲ್ಲಿ ನಿಂತೇ ಇದ್ದ.